ತುಂಡು ಕುಗ್ಗಿತು, ಗಾಯ ಹಿಗ್ಗಿತು

ನಮ್ಮ ಹಳೆಯ ಸಹೋದ್ಯೋಗಿಗಳಾದ ಗಣಿತದ ಮೇಷ್ಟ್ರೊಬ್ಬರು ಮೊನ್ನೆ ಕೈಯಲ್ಲೊಂದು ಕಾಗದ ಹಿಡಿದು, ಕೋಪಾವಿಷ್ಟರಾಗಿ ನಮ್ಮ ಜಗಲಿಗೆ ಬಂದರು. ಅವರ ಕೆನ್ನೆಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮವೆಂಬ ಚರ್ಮದ ಕ್ಯಾನ್ಸರ್ ಹುಟ್ಟಿ, ಅದನ್ನು ಕೊಯ್ಸಿ ತೆಗೆಸಿದ್ದರು. ಗಂಟಿನ ಸುತ್ತಲೂ 4 ಮಿಲಿಮೀಟರ್ ಒಳ್ಳೆಯ ಚರ್ಮವನ್ನು ಸೇರಿಸಿ ತೆಗೆಯುವೆನೆಂದು ವೈದ್ಯರು ಹೇಳಿದ್ದರಂತೆ. ಪ್ರಯೋಗಶಾಲೆಯ ವರದಿಯಲ್ಲಾದರೋ ಅಂಚು 3 ಮಿಲಿಮೀಟರ್ ಎಂದಿತ್ತು.

"ಒಂದು ಮಿಲಿಮೀಟರ್ ಎಲ್ಲಿ ಹೋಯಿತು, ರಾಯರೇ? ಲೆಕ್ಕ ತಪ್ಪುವವರ ಬಳಿಗೆ ನಾನು ಇನ್ನು ಕಾಲಿಡೆನು" ಎಂದರು.

ನಾವು ಸಂಸ್ಕೃತ ಓದಿದವರು. ಮಿಲಿಮೀಟರಿನ ವ್ಯವಹಾರ ನಮಗೆ ದೂರ. ಆದುದರಿಂದ ನಮ್ಮ ಶಿಷ್ಯನಾಗಿದ್ದು ಈಗ ಶಸ್ತ್ರವೈದ್ಯನಾಗಿರುವ ಒಬ್ಬನನ್ನು ಕೇಳಿದೆವು. ಅವನು ನಕ್ಕು, "ಗುರುಗಳೇ, ಅಳತೆ ಎರಡೂ ಸರಿ, ಚರ್ಮ ಮಾತ್ರ ಅದೇ ಅಲ್ಲ" ಎಂದನು.

ಚರ್ಮವು ಮೈಮೇಲೆ ಹೊದೆದ ಶಾಲಿನಂತೆ ಸಡಿಲವಾಗಿಲ್ಲ; ಮದ್ದಳೆಯ ಮುಚ್ಚಿಗೆಯಂತೆ ಬಿಗಿದುಕೊಂಡಿದೆ. ವಿಯೆನ್ನಾದ ಕಾರ್ಲ್ ಲ್ಯಾಂಗರ್ ಎಂಬ ಅಂಗರಚನಾಶಾಸ್ತ್ರಜ್ಞನು ಮೃತದೇಹಗಳ ಚರ್ಮದಲ್ಲಿ ದುಂಡು ಮೊನೆಯಿಂದ ಚುಚ್ಚಿ ನೋಡಲು, ತೂತುಗಳು ದುಂಡಗೆ ನಿಲ್ಲದೆ ಉದ್ದಕ್ಕೆ ಸೀಳಿಕೊಂಡವು. ಆತನು ಇದನ್ನು ಪ್ರಕಟಿಸಿದ್ದು 1861ರಲ್ಲಿ. ಬಿಗಿದ ಚರ್ಮವನ್ನು ಕತ್ತರಿಸಿದೊಡನೆ ಒಳಗಿನ ಸ್ಥಿತಿಸ್ಥಾಪಕ ತಂತುಗಳು ಎಳೆದುಕೊಂಡು ತುಂಡು ಕುಗ್ಗುವುದು. ಅದೇ ಕಾರಣದಿಂದ ಮೈಮೇಲಿನ ಗಾಯವು ಹಿಗ್ಗುವುದು. ತುಂಡನ್ನು ಹಾಕಿಡುವ ಫಾರ್ಮಲಿನ್ ದ್ರವವೇ ಕುಗ್ಗಿಸುವುದೆಂದು ಬಹುಮಂದಿ ನಂಬಿದ್ದರು. ಆದರೆ ಕುಗ್ಗುವಿಕೆಯ ಹೆಚ್ಚಿನ ಪಾಲು ದ್ರವ ಸೋಕುವ ಮೊದಲೇ ಮುಗಿದಿರುವುದೆಂದು ಅಳೆದು ನೋಡಿದವರು ಕಂಡುಕೊಂಡಿದ್ದಾರೆ. ನೂರಕ್ಕೆ ಹತ್ತರಿಂದ ಇಪ್ಪತ್ತೈದರಷ್ಟು ಕುಗ್ಗುವುದು ಸಾಮಾನ್ಯವಂತೆ. ಬಿಸಿಲಿನಲ್ಲಿ ಬೆಂದ ಮುಪ್ಪಿನ ಚರ್ಮದಲ್ಲಿ ಎಳೆತ ಕುಂದಿರುವುದರಿಂದ ಅದು ಕಡಿಮೆ ಕುಗ್ಗುವುದು.

"ಹಾಗಾದರೆ ನನ್ನದು ಕಡಿಮೆ ಕುಗ್ಗಬೇಕಲ್ಲವೆ? ನನಗೆ ಎಪ್ಪತ್ತು!" ಎಂದು ಮೇಷ್ಟ್ರು ತಡೆದರು. ಗಣಿತದವರನ್ನು ಒಪ್ಪಿಸುವುದು ಸುಲಭವಲ್ಲ. ಇದಕ್ಕೂ ಉತ್ತರವುಂಟು. ವೈದ್ಯರು ಕಣ್ಣಿಗೆ ಕಂಡ ಗಂಟಿನ ಎಲ್ಲೆಯಿಂದ ಅಳೆಯುತ್ತಾರೆ. ಸೂಕ್ಷ್ಮದರ್ಶಕದವರು ಕಣ್ಣಿಗೆ ಕಾಣದೆ ಮುಂದೆ ಹರಿದ ಬೇರಿನ ತುದಿಯಿಂದ ಅಳೆಯುತ್ತಾರೆ. ಆ ಬೇರಿಗಾಗಿಯೇ ಒಳ್ಳೆಯ ಚರ್ಮವನ್ನೂ ಬಲಿಕೊಡುವುದು. ಚಿಕ್ಕದಾಗಿ, ಎಲ್ಲೆ ಸ್ಪಷ್ಟವಾಗಿರುವ ಈ ಜಾತಿಯ ಗಂಟಿಗೆ 4 ಮಿಲಿಮೀಟರ್ ರೂಢಿ. ಕ್ರೂರವಾದ ಮೆಲನೋಮಕ್ಕೆ, ಅದು ಇಳಿದಿರುವ ಆಳವನ್ನು ನೋಡಿ, 1ರಿಂದ 2 ಸೆಂಟಿಮೀಟರ್. ಅರ್ಬುದದ ಶೇಷವುಳಿದರೆ ಅದು ಬೇಗನೆ ಮರಳಿ ಹುಟ್ಟುವುದೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವೂ ಎಚ್ಚರಿಸಿದೆ.

ಆದಕಾರಣ ವರದಿ ಬಂದಾಗ ಮೊದಲು ನೋಡಬೇಕಾದುದು ಅಂಕಿಯನ್ನಲ್ಲ. ಪ್ರಯೋಗಶಾಲೆಯವರು ತುಂಡಿನ ಅಂಚಿಗೆ ಶಾಯಿ ಬಳಿದು, ಹೋಳು ಮಾಡಿ ಪರೀಕ್ಷಿಸುತ್ತಾರೆ. ಶಾಯಿಯವರೆಗೂ ರೋಗ ಮುಟ್ಟಿದೆಯೆಂದು ಬರೆದಿದ್ದರೆ, ಕುಗ್ಗುವಿಕೆಯ ನೆಪದಿಂದ ಸಮಾಧಾನಪಟ್ಟುಕೊಳ್ಳಲಾಗದು. ಕೂಡಲೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮುಟ್ಟಿಲ್ಲವೆಂದಿದ್ದರೂ, ನೋಡಿದ್ದು ಕೆಲವು ಹೋಳುಗಳನ್ನಷ್ಟೆ. ಅದಕ್ಕಾಗಿ ಮುಂದಿನ ಭೇಟಿಗಳನ್ನು ತಪ್ಪಿಸಬಾರದು.

ಮೇಷ್ಟ್ರು ಕನ್ನಡಕ ಏರಿಸಿ ವರದಿಯ ಕೊನೆಯ ಸಾಲನ್ನು ಎರಡು ಬಾರಿ ಓದಿದರು. ಅಂಚುಗಳು ರೋಗಮುಕ್ತವೆಂದಿತ್ತು. ಬಳಿಕ, ತಾವು ಕಾಲಿಡೆನೆಂದಿದ್ದ ಆಸ್ಪತ್ರೆಗೆ ಮುಂದಿನ ಭೇಟಿ ಯಾವ ವಾರವೆಂದು ಪಂಚಾಂಗ ಕೇಳಿದರು.