ಗೆದ್ದ ಡೆಕ್ ಸೋತಿತ್ತು ಕಣ್ರೀ!

ಫಸ್ಟ್ ಬಂದ ಡೆಕ್ ಕಂಡ್ರೆ 60 ಕಾರ್ಡೂ ನಕಲು ಮಾಡೋ ಚಟ ನಂಗೆ. 2024ರ ಆಗಸ್ಟ್‌ನಲ್ಲಿ ಹೊನೊಲುಲುವಿನಲ್ಲಿ ಪೊಕೆಮಾನ್ ಕಾರ್ಡ್ ವಿಶ್ವ ಚಾಂಪಿಯನ್ ಆದದ್ದು ಚಿಲಿಯ ಹುಡುಗ ಫರ್ನಾಂಡೊ ಸಿಫ್ವೆಂಟೆಸ್. ಅವನ ಐರನ್ ಥಾರ್ನ್ಸ್ ಮುಂದೆ ನಿಂತರೆ ಎದುರಾಳಿಯ ದೊಡ್ಡ ಪೊಕೆಮಾನ್‌ಗಳ ಎಬಿಲಿಟಿಗೆ ಬೀಗ. ಅಲ್ಲಿ ಬಹಳ ಜನರ ಆಟ ನಿಂತಿದ್ದದ್ದೇ ಆ ಎಬಿಲಿಟಿ ಮೇಲೆ.

ಮೊಬೈಲ್‌ನಲ್ಲಿ ಅದೇ ಡೆಕ್ ಕಟ್ಟಿದೆ. ಆ ಸಂಜೆ ನಾಲ್ಕಕ್ಕೆ ನಾಲ್ಕೂ ಸೋಲು! ಎದುರು ಬಂದವರದ್ದೆಲ್ಲ ಸಣ್ಣ ಪೊಕೆಮಾನ್‌ಗಳು. ಅವಕ್ಕೆ ಈ ಬೀಗ ತಾಗೋದೇ ಇಲ್ಲ.

ಆಮೇಲೆ ಫಲಿತಾಂಶ ಸರಿಯಾಗಿ ಓದಿದೆ. ಸೆಮಿಫೈನಲ್‌ನಲ್ಲಿ ಫರ್ನಾಂಡೊ ಸೋತಿದ್ದ! ಗೆದ್ದವನು ಖುಷಿಯಲ್ಲಿ ಅಸಭ್ಯ ಸನ್ನೆ ಮಾಡಿ ಅನರ್ಹನಾದ, ಇವನು ಫೈನಲ್‌ಗೆ ಹೋಗಿ ಗೆದ್ದ. ಡೆಕ್ ಕಳಪೆ ಅಂತಲ್ಲ, ಫೈನಲ್ ಗೆದ್ದದ್ದು ಅದೇ ತಾನೆ? ಆದರೆ ಈಗ ನಾನು ಮೊದಲು ನೋಡೋದು, ಯಾವ ಸುತ್ತಲ್ಲಿ ಎದುರಿಗೆ ಯಾವ ಡೆಕ್ ಇತ್ತು ಅಂತ.