ಹಸರು ಚುಕ್ಕಿ ಹಂಗ ಸಕ್ರಿಗೂ ಒಂದು ಗುರ್ತು ಬೇಕು

ಅಂಗಡ್ಯಾಗ ತಂಪು ಬಾಟ್ಲಿ ಇಟ್ಟ ಫ್ರಿಜ್ಜಿನ ಮುಂದ ನಿಂತು ಒಮ್ಮೆ ನೋಡ್ರಿ. ಮಾವಿನಹಣ್ಣಿನ ಚಿತ್ರ, ‘ವಿಟಮಿನ್ ಸಿ’, ‘ಎನರ್ಜಿ’ ಎಲ್ಲಾ ಮುಂದ, ಕಣ್ಣಿಗೆ ಹೊಡಿಯೂ ಹಂಗ. ಸಕ್ರಿ ಎಷ್ಟದ ಅನ್ನೂದು ಮಾತ್ರ ಹಿಂದ, ಇರಿವಿಯಂಥಾ ಅಕ್ಷರದಾಗ. ಕಾಯ್ದೆ ಪ್ರಕಾರ ಇಂಗ್ಲಿಷ್ ಇಲ್ಲಾ ಹಿಂದಿ ಇದ್ರ ಸಾಕು, ಕನ್ನಡ ಬೇಕಂತಿಲ್ಲ. ಹೊಗಳಿಕಿ ಮುಂದ, ಖರೇ ಮಾತು ಹಿಂದ. ಇದು ನ್ಯಾಯ ಅಲ್ರಿ.

“ಎಲ್ಲಾ ಬರದಿರ್ತಾರಲ್ಲ, ಓದಿ ತೊಗೋರಿ” ಅಂತಾರ ಕೆಲವರು. ಹೆಂಗ ಓದೂದು? ಕೈಯಾಗ ಚೀಲ, ಸೆರಗು ಜಗ್ಗೂ ಮೊಮ್ಮಗ, ಚಾಳೀಸು ಮನ್ಯಾಗ! ಓದಿದ್ರೂ ಲೆಕ್ಕ ಇರೂದು 100 ಮಿ.ಲೀ.ಗೆ. ಕೋಲಾದಾಗ ಅಷ್ಟಕ್ಕ 10–11 ಗ್ರಾಂ ಸಕ್ರಿ ಇರ್ತದ. 300 ಮಿ.ಲೀ. ಕುಡದ್ರ 32 ಗ್ರಾಂ ಹತ್ರ, ಅಂದ್ರ ಸಣ್ಣ ಚಮಚಾದ್ಲೆ 8 ಚಮಚಾ. ದೊಡ್ಡವರಿಗೆ ದಿನಕ್ಕ 25 ಗ್ರಾಂ, ಅಂದ್ರ 6 ಚಮಚಾದ ಒಳಗಿದ್ರ ಛಲೋ ಅಂತದ ವಿಶ್ವ ಆರೋಗ್ಯ ಸಂಸ್ಥೆ. ಚಾದಾಗ 8 ಚಮಚಾ ಸಕ್ರಿ ಹಾಕಿ ಕೊಟ್ರ ಬೀಗರು ಕುಡೀತಾರೇನು?

ಈಗ ಹಸರು ಚುಕ್ಕಿ ನೋಡ್ರಿ. ಅಕ್ಷರ ಬರದ ಓಣಿ ಅಜ್ಜಿದೇರೂ ಬಿಸ್ಕೀಟಿನ ಪುಡಿಕಿ ತಿರುವಿ, ಆ ಚುಕ್ಕಿ ನೋಡೇ ಮನಿಯೊಳಗ ತರ್ತಾರ. ಶಾಖಾಹಾರಕ್ಕ ಗುರ್ತು ಹಾಕಾಕ ಬರ್ತದ, ಸಕ್ರಿಗೆ ಯಾಕ ಬರೂದಿಲ್ಲ?

ದಕ್ಷಿಣ ಅಮೆರಿಕಾದ ಚಿಲಿ ದೇಶದವರು 2016ರಾಗ ಇದನ್ನ ಮಾಡಿ ತೋರಿಸ್ಯಾರ. ಸಕ್ರಿ ಹೆಚ್ಚಿದ್ರ ಬಾಟ್ಲಿ ಮುಂದ ಎಂಟು ಮೂಲಿಯ ಕರೀ ಗುರ್ತು ಕಡ್ಡಾಯ. ಜೋಡಿಗೆ, ಅಂಥಾದ್ದನ್ನ ಸಾಲ್ಯಾಗ ಮಾರೂದು, ಹುಡುಗರಿಗೆ ಜಾಹೀರಾತು ಮಾಡೂದು ಬಂದ್. ಒಂದೂವರಿ ವರ್ಷದಾಗ ಅಂಥಾ ಪಾನೀಯ ಕೊಳ್ಳೂದು ಸುಮಾರು ಕಾಲು ಭಾಗ ಇಳೀತು.

ನಮ್ಮಲ್ಲೆ? 2022ರಾಗ ಆಹಾರ ಸುರಕ್ಷತಾ ಪ್ರಾಧಿಕಾರದವರು ಅರ್ಧದಿಂದ ಐದರ ತನಕ ಸ್ಟಾರ್ ಕೊಡೂ ಕರಡು ತಂದ್ರು. ಸ್ಟಾರ್ ಅಂದ್ರ ಬಹುಮಾನ. ಮಾಸ್ತರು ಕೈಮ್ಯಾಲ ಒಂದು ಸ್ಟಾರ್ ಬರದ್ರ ಹುಡುಗ ಕುಣಕೋತ ಮನಿಗೆ ಬರ್ತಾನ. ಸಕ್ರಿ ನೀರಿಗೆ ಒಂದ ಸ್ಟಾರ್ ಇದ್ರೂ ‘ಏನೋ ಛಲೋನ ಇರಬೇಕು’ ಅನಸ್ತದ. ನಮಗ ಬೇಕಾದ್ದು ಬಹುಮಾನ ಅಲ್ಲ, ಎಚ್ಚರಿಕಿ.

2024ರ ಏಪ್ರಿಲ್‌ದಾಗ ಕೇಂದ್ರ ವಾಣಿಜ್ಯ ಸಚಿವಾಲಯದವರು ಆನ್‌ಲೈನ್ ಅಂಗಡಿಗಳಿಗೆ ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ಪಾನೀಯ ತಗೀರಿ ಅಂದ್ರು. ಆಹಾರ ಕಾಯ್ದೆದಾಗ ಅಂಥಾ ವರ್ಗನ ಇಲ್ಲಂತ. ಹಂಗಾರ ನಮ್ಮ ಪ್ಯಾಟಿ ಅಂಗಡ್ಯಾಗ ಅದ ಹೆಸರಿನ ಬೋರ್ಡು ಹಾಕಿದ್ರ ಯಾರು ಕೇಳವ್ರು?

“ಗುರ್ತು ಹಾಕಿದ್ರೂ ಕುಡ್ಯಾವ್ರು ಕುಡೀತಾರ” ಅಂತೀರೇನು? ಕುಡೀಲಿ. ಆದ್ರ ಗೊತ್ತಿದ್ದು ಕುಡೀಲಿ. ಮನಿಗೊಬ್ಬರು ಸಕ್ರಿ ಕಾಯಿಲೆಯವರು ಇರೂ ಕಾಲದಾಗ, ಚೀಲ ತುಂಬೂ ಹೆಣ್ಮಕ್ಕಳಿಗೆ ಒಳಗೇನದ ಅಂತ ತಿಳಕೊಳ್ಳೂ ಹಕ್ಕದ.

ಆ ಗುರ್ತು ಬರೂ ತನಕ ಒಂದು ಲೆಕ್ಕ ನೆಪ್ಪಿಡ್ರಿ ಅಕ್ಕಾರ, ವೈನಿಯಾರ: ಬಾಟ್ಲಿಯೊಳಗಿನ ಒಟ್ಟು ಸಕ್ರಿಯ ಗ್ರಾಂನ 4ರಿಂದ ಭಾಗಿಸ್ರಿ, ಎಷ್ಟು ಚಮಚಾ ಅಂತ ತಿಳೀತದ. ಅಂಗಡ್ಯಾಗ, ಮಕ್ಕಳ ಮುಂದ, ಗಟ್ಟಿ ದನೀಲೆ ಎಣಸ್ರಿ. ಬಾಜೂಕ ನಿಂತವರಿಗೂ ಕೇಳಲಿ.