ಸುಣ್ಣದ ನೆಲದಲ್ಲಿ ಬೇರಿನ ಬೆಳೆ

ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ವಾಡಿಯ ಸೀಮೆಯಲ್ಲಿ ನೆಲವನ್ನು ಆಳಕ್ಕೆ ಅಗೆದವರಿಗೆ ಸಿಕ್ಕುವುದು ಸುಣ್ಣಕಲ್ಲು. ಮನೆಗಳಿಗೆ ಹಾಸುವ ಶಹಾಬಾದಿನ ಪರಸಿ ಈ ಕಲ್ಲೇ. ಸಿಮೆಂಟಿನ ಕಾರ್ಖಾನೆಗಳು ಇಲ್ಲಿ ನೆಲೆಸಿದುದೂ ಇದರ ಸಲುವಾಗಿಯೇ. ಕಟ್ಟಡಕ್ಕೆ ಇಷ್ಟು ಉಪಕಾರಿಯಾದ ಈ ಕಲ್ಲು ಗಜ್ಜರಿ, ಮೂಲಂಗಿ, ಗೆಣಸುಗಳಂತಹ ಬೇರಿನ ಬೆಳೆಗಳ ವಿಷಯದಲ್ಲಿ ಅಷ್ಟು ಉದಾರವಾಗಿಲ್ಲ. ಅದರ ಮೇಲಿನ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ರಂಜಕವನ್ನು ತನ್ನೊಡನೆ ಬಂಧಿಸಿ ಬೇರಿಗೆ ದೊರೆಯದಂತೆ ಮಾಡುತ್ತದೆ. ಕಬ್ಬಿಣ, ಸತುವುಗಳು ಮಣ್ಣಿನಲ್ಲಿದ್ದೂ ಇಲ್ಲದಂತಾಗುತ್ತವೆ.

ತೊಗರಿಯು ಈ ನೆಲದ ಸ್ವಭಾವಕ್ಕೆ ಒಗ್ಗಿದ ಬೆಳೆ. ಅದರ ತಾಯಿಬೇರು ಆಳಕ್ಕಿಳಿದು ತೇವವನ್ನು ಅರಸುತ್ತದೆ. ಆ ಬೇರು ಸೊಟ್ಟಗಾದರೂ ಒಕ್ಕಲಿಗನಿಗೆ ಚಿಂತೆಯಿಲ್ಲ, ಅವನಿಗೆ ಬೇಕಾದುದು ಮೇಲಿನ ಕಾಯಿ. ಗಜ್ಜರಿಯಲ್ಲಿ ಹಾಗಲ್ಲ, ಅಲ್ಲಿ ಬೇರೇ ಫಸಲು. ಎಳೆಯ ಬೇರಿನ ತುದಿಗೆ ಕಲ್ಲೋ ಗಟ್ಟಿ ಹೆಂಟೆಯೋ ಅಡ್ಡ ಬಂದರೆ ಅದು ಕವಲೊಡೆಯುತ್ತದೆ, ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಲವು ದಿನ ತಡೆದ ಮಳೆ ಒಮ್ಮೆಲೇ ಸುರಿದರೆ ಗಡ್ಡೆ ಸೀಳುತ್ತದೆ. ಕೀಳುವ ಹೊತ್ತಿಗೆ ನೆಲ ಬಿಗಿದಿದ್ದರಂತೂ ಅರ್ಧ ಕೈಗೆ ಬಂದು ಅರ್ಧ ಮಣ್ಣಿನಲ್ಲಿ ಉಳಿಯುತ್ತದೆ. ಚಿಂಚೋಳಿಯ ಗುಡ್ಡಗಳ ಕಡೆಯ ಕೆಂಪು ಮಣ್ಣಿನಲ್ಲಿ ಈ ಕಷ್ಟ ಕಡಿಮೆ. ಅಲ್ಲಿ ನೀರು ಬೇಗ ಬಸಿದುಹೋಗುವುದೇ ಕೊರತೆ.

ಹೀಗಿರುವಲ್ಲಿ, ರೈತನ ಮುಂದೆ ಈಗ ಜೈವಿಕ ಉತ್ತೇಜಕಗಳೆಂಬ ಶೀಶೆಗಳು ಬಂದು ನಿಂತಿವೆ. ಇವು ಗೊಬ್ಬರವಲ್ಲ, ಕೀಟನಾಶಕವೂ ಅಲ್ಲ. ಗಿಡದೊಳಗಿನ ಜೀವಕ್ರಿಯೆಗಳನ್ನು ಚುರುಕುಗೊಳಿಸುವ ಪದಾರ್ಥಗಳು. ಕಡಲ ಪಾಚಿಯ ರಸ, ಲಿಗ್ನೈಟ್ ಕಲ್ಲಿದ್ದಲಿನಿಂದ ತೆಗೆದ ಹ್ಯೂಮಿಕ್ ಆಮ್ಲ, ಅಮೈನೋ ಆಮ್ಲಗಳು ಇವುಗಳಲ್ಲಿ ಮುಖ್ಯವಾದವು. ಕೇಂದ್ರ ಸರ್ಕಾರವು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಇವುಗಳನ್ನು ಕಾನೂನಿನ ವ್ಯಾಪ್ತಿಗೆ ಒಳಪಡಿಸಿತು. ಅದಕ್ಕೆ ಮೊದಲು ಇವುಗಳಿಗೆಂದೇ ಪ್ರತ್ಯೇಕ ನಿಯಮವಿರಲಿಲ್ಲವೆಂಬುದನ್ನು ನೆನೆದರೆ, ಕೊಳ್ಳುವವನು ಎಷ್ಟು ಎಚ್ಚರದಿಂದಿರಬೇಕೆಂಬುದು ತಿಳಿಯುತ್ತದೆ.

ಇವುಗಳಿಂದ ಪ್ರಯೋಜನವೇ ಇಲ್ಲವೆನ್ನುವುದು ತಪ್ಪಾದೀತು. ಹ್ಯೂಮಿಕ್ ಆಮ್ಲವು ಎಳೆಯ ಬೇರಿನ ಕವಲುಗಳನ್ನು ಹೆಚ್ಚಿಸಿ ಸತುವು, ಕಬ್ಬಿಣಗಳನ್ನು ಹೀರಲು ನೆರವಾಗಬಲ್ಲುದು. ಪಾಚಿಯ ರಸವು ನೀರಿನ ಅಭಾವದ ದಿನಗಳಲ್ಲಿ ಗಿಡ ಬಾಡದಂತೆ ಸ್ವಲ್ಪ ಕಾಲ ತಡೆಯಬಲ್ಲುದು. ಆದರೆ ಬೇರೆಲ್ಲಿಯೋ ಸಡಿಲವಾದ ಮಣ್ಣಿನಲ್ಲಿ ಕಂಡ ಫಲವನ್ನು ಸುಣ್ಣದ ಎರೆಭೂಮಿಗೂ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ಮನೆಯಲ್ಲೇ ಮಾಡುವ ಜೀವಾಮೃತದ ಲೆಕ್ಕವನ್ನೇ ನೋಡಬಹುದು. ಒಂದು ಎಕರೆಗೆಂದು 200 ಲೀಟರ್ ನೀರಿನಲ್ಲಿ 10 ಕಿಲೋ ಸಗಣಿ, ಗೋಮೂತ್ರ, ತಲಾ 2 ಕಿಲೋದಷ್ಟು ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು ಕಲಸಿ ಹುಳಿಯಿಡುತ್ತಾರೆ. ಅಷ್ಟು ಸಗಣಿಯಲ್ಲಿರುವ ಸಾರಜನಕವು ಎಕರೆಯ ಬೆಳೆಗೆ ಊಟವಾಗಲಾರದು. ಅದು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕಳುಹಿಸಿದ ಕರೆಯೋಲೆ ಮಾತ್ರ. ಕರೆದ ನೆಂಟರಿಗೆ ಬಡಿಸಲು ಮನೆಯಲ್ಲಿ ಏನಾದರೂ ಇರಬೇಕಷ್ಟೆ! ಕೊಳೆತ ಎಲೆ, ಕಸಕಡ್ಡಿ, ತಿಪ್ಪೆಗೊಬ್ಬರ ಇಲ್ಲದ ಹೊಲದಲ್ಲಿ ಆ ಜೀವಿಗಳು ಏನನ್ನು ತಿಂದು ಬಾಳಬೇಕು? ಅಂಗಡಿಯ ಶೀಶೆಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ಮೊದಲ ಹಣ ಶೀಶೆಗಲ್ಲ, ತಿಪ್ಪೆಗೆ ಸಲ್ಲಬೇಕು. ಗೊಬ್ಬರ ಚೆನ್ನಾಗಿ ಕಳಿತಿರಬೇಕೆಂಬುದನ್ನು ಮರೆಯಬಾರದು. ಹಸಿ ಸಗಣಿ ಹಾಕಿದರೆ ಗಜ್ಜರಿ ಮತ್ತೆ ಕವಲೊಡೆಯುತ್ತದೆ. ಎರಡನೆಯ ಹಣ ಮಣ್ಣಿನ ಪರೀಕ್ಷೆಗೆ. 2009ರಲ್ಲಿ ರಾಜ್ಯ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನ ಯೋಜನೆಯು, ಕರ್ನಾಟಕದ ಒಣಭೂಮಿಯ ಹೊಲಗಳಲ್ಲಿ ಗಂಧಕ, ಸತುವು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದನ್ನು ಮಣ್ಣಿನ ಪರೀಕ್ಷೆಯಿಂದಲೇ ತೋರಿಸಿತು. ಮಣ್ಣಿನಲ್ಲಿಲ್ಲದ ಗಂಧಕವನ್ನು ಯಾವ ಉತ್ತೇಜಕವೂ ಹುಟ್ಟಿಸಲಾರದು. ಸಾಲ ತಂದು ಶೀಶೆ ಕೊಂಡವನಿಗೆ ಈ ಸಂಗತಿ ಬೆಳೆ ಕಿತ್ತ ಮೇಲೆ ತಿಳಿದರೆ ಪ್ರಯೋಜನವೇನು?

ಇಷ್ಟಾದ ಮೇಲೂ ಉತ್ತೇಜಕವನ್ನು ಬಳಸಬೇಕೆನ್ನುವವನು ಹೊಲಕ್ಕೆಲ್ಲ ಒಮ್ಮೆಲೇ ಸಿಂಪಡಿಸಬೇಕಾಗಿಲ್ಲ. ಒಂದೇ ಮಡಿಯಲ್ಲಿ ನಾಲ್ಕು ಸಾಲಿಗೆ ಔಷಧಿ ಹಾಕಿ, ಪಕ್ಕದ ನಾಲ್ಕು ಸಾಲಿಗೆ ಬರಿಯ ನೀರು ಸಿಂಪಡಿಸಿ, ಗುರುತಿಗೆ ಒಂದು ಗೂಟ ನೆಟ್ಟರೆ ಸಾಕು. ಕಿತ್ತ ದಿನ ಎರಡನ್ನೂ ಬೇರೆ ಬೇರೆ ತೂಗಿ, ಕವಲೊಡೆದ ಗಡ್ಡೆಗಳನ್ನು ಎಣಿಸಿ, ಹೆಚ್ಚಿದ ತೂಕದ ಬೆಲೆಯನ್ನು ಶೀಶೆಯ ಬೆಲೆಯೊಡನೆ ಹೋಲಿಸಬೇಕು. ಮೂಲಂಗಿಯಾದರೆ ಸುಮಾರು ಒಂದೂವರೆ ತಿಂಗಳಲ್ಲಿ ಲೆಕ್ಕ ಕೈಗೆ ಬರುತ್ತದೆ. ಗಜ್ಜರಿಗೆ ಮೂರು ತಿಂಗಳು ಕಾಯಬೇಕಾಗುತ್ತದೆ.